ಒಂದರ ಬೆನ್ನಿಗೆ ಒಂದು ವಿಡಿಯೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ವೆಬ್ ಪುಟದಲ್ಲಿ ಹಲವು ವಿಡಿಯೊ ತುಣುಕುಗಳನ್ನು ಜಾವಾಸ್ಕ್ರಿಪ್ಟ್ ಮೂಲಕ ಸಾಲಾಗಿ ಓಡಿಸುವ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇನೆ. ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಒಂದರ ಉತ್ತರ ಇನ್ನೊಂದಕ್ಕೆ ಆಧಾರವಾಗಿರುವುದರಿಂದ ಅವುಗಳನ್ನು ಕ್ರಮವಾಗಿ ಓದಿದರೆ ಅನುಕೂಲ.

ಪ್ರಶ್ನೆ: ಎಂಟು ಚಿಕ್ಕ ವಿಡಿಯೊಗಳ ವಿಳಾಸಗಳನ್ನು ಒಂದು ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟಿದ್ದೇನೆ. ಫಾರ್ ಲೂಪ್ ಬರೆದು, ಒಂದೊಂದು ವಿಳಾಸವನ್ನೂ ವಿಡಿಯೊ ಎಲಿಮೆಂಟಿನ ಎಸ್‌ಆರ್‌ಸಿಗೆ (ಯಾವ ಫೈಲ್ ಓಡಬೇಕೆಂದು ತಿಳಿಸುವ ಜಾಗಕ್ಕೆ) ಕೊಟ್ಟು ಪ್ಲೇ ಫಂಕ್ಷನ್ ಕರೆಯುತ್ತೇನೆ. ಆದರೆ ಎಂಟನೆಯ ತುಣುಕು ಮಾತ್ರ ಓಡುತ್ತದೆ. ಮೊದಲ ಏಳು ಏಕೆ ಕಾಣಿಸುವುದಿಲ್ಲ?

ಉತ್ತರ: ನಿಮ್ಮ ಲೂಪ್ ಯಾವ ತುಣುಕಿಗಾಗಿಯೂ ಕಾಯುತ್ತಿಲ್ಲ. ಪ್ಲೇ ಫಂಕ್ಷನ್ ಕರೆದಾಗ ಅದು ವಿಡಿಯೊವನ್ನು ಶುರುಮಾಡುವಂತೆ ಬ್ರೌಸರಿಗೆ ತಿಳಿಸಿ ಕೂಡಲೇ ಹಿಂದಿರುಗುತ್ತದೆ. ಹೀಗಾಗಿ ಲೂಪಿನ ಎಂಟು ಸುತ್ತುಗಳೂ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತವೆ. ಪ್ರತಿ ಸುತ್ತಿನಲ್ಲೂ ಹೊಸ ವಿಳಾಸ ಬಂದು ಹಳೆಯದನ್ನು ತಳ್ಳುತ್ತದೆ. ಕೊನೆಗೆ ಉಳಿಯುವುದು ಎಂಟನೆಯದು. ಬ್ರೌಸರಿನ ಕನ್ಸೋಲ್ ತೆರೆದು ನೋಡಿದರೆ, ಹೊಸದೊಂದು ಲೋಡ್ ಕೋರಿಕೆ ಬಂದದ್ದರಿಂದ ಹಿಂದಿನ ಪ್ಲೇ ಕೋರಿಕೆ ತುಂಡಾಯಿತು ಎಂದು ತಿಳಿಸುವ ಅಬಾರ್ಟ್‌ಎರರ್ ಸಾಲುಗಳು ನಿಮಗೆ ಕಾಣಿಸಬೇಕು.

ಇಲ್ಲಿ ಹಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ಲೇ ಫಂಕ್ಷನ್ ಪ್ರಾಮಿಸ್ ಒಂದನ್ನು, ಅಂದರೆ ಫಲಿತಾಂಶವನ್ನು ಆಮೇಲೆ ತಿಳಿಸುವ ಭರವಸೆಯನ್ನು, ಹಿಂದಿರುಗಿಸುತ್ತದೆಂಬುದನ್ನು ತಿಳಿದು, ಅದು ಈಡೇರುವವರೆಗೆ ಕಾಯಿಸುವ ಅವೇಟ್ ಅನ್ನು ಅದರ ಮುಂದೆ ಹಾಕುತ್ತಾರೆ. ಅದರಿಂದಲೂ ಕೆಲಸವಾಗುವುದಿಲ್ಲ, ಏಕೆಂದರೆ ಆ ಪ್ರಾಮಿಸ್ ಈಡೇರುವುದು ವಿಡಿಯೊ ಓಡಲು ಆರಂಭಿಸಿದಾಗ, ಮುಗಿದಾಗ ಅಲ್ಲ. ತುಣುಕು ಮುಗಿಯಿತೆಂದು ತಿಳಿಸಲು ಬ್ರೌಸರಿನಲ್ಲಿ ಎಂಡೆಡ್ ಎಂಬ ಪ್ರತ್ಯೇಕ ಇವೆಂಟ್ ಇದೆ, ನೀವು ನೆಚ್ಚಿಕೊಳ್ಳಬೇಕಾದದ್ದು ಅದನ್ನೇ. ಈಗ ಯಾವ ತುಣುಕು ಓಡುತ್ತಿದೆ ಎಂಬ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಎಂಡೆಡ್ ಬಂದಾಗ ಆ ಸಂಖ್ಯೆಗೆ ಒಂದನ್ನು ಕೂಡಿಸಿ. ಅದು ಅರೇಯ ಉದ್ದಕ್ಕಿಂತ ಕಡಿಮೆ ಇದ್ದರೆ ಆ ಸ್ಥಾನದಲ್ಲಿರುವ ವಿಳಾಸವನ್ನು ಎಸ್‌ಆರ್‌ಸಿಗೆ ಕೊಟ್ಟು ಪ್ಲೇ ಕರೆಯಿರಿ. ಸಾಲು ಮುಗಿದ ಮೇಲೆ ಮತ್ತೆ ಮೊದಲಿನಿಂದ ಓಡಬೇಕಿದ್ದರೆ, ಕೂಡಿಸಿ ಬಂದ ಸಂಖ್ಯೆಯನ್ನು ಅರೇಯ ಉದ್ದದಿಂದ ಭಾಗಿಸಿ ಶೇಷವನ್ನು ಬಳಸಿದರೆ ಸಾಕು. ಇಷ್ಟಕ್ಕೆ ಹತ್ತು ಹನ್ನೆರಡು ಸಾಲುಗಳ ಕೋಡ್ ಹೆಚ್ಚೇ ಆಯಿತು. ಇದಕ್ಕಾಗಿ ಲೈಬ್ರರಿ ಹುಡುಕಿಕೊಂಡು ಹೋಗುವುದು ನನಗೆ ಅನಗತ್ಯವೆನಿಸುತ್ತದೆ.

ವಿಡಿಯೊ ಎಲಿಮೆಂಟಿನಲ್ಲಿ ಲೂಪ್ ಎಂಬ ಆಟ್ರಿಬ್ಯೂಟ್ (ಟ್ಯಾಗಿನಲ್ಲಿ ಬರೆಯುವ ಸೂಚನೆ) ಇದ್ದರೆ ತೆಗೆದುಹಾಕಿ. ಅದು ಇರುವವರೆಗೆ ವಿಡಿಯೊ ಕೊನೆ ಮುಟ್ಟಿದ ಕೂಡಲೇ ಮೊದಲಿಗೆ ಮರಳುತ್ತದೆಯಾದ್ದರಿಂದ ಎಂಡೆಡ್ ಇವೆಂಟ್ ಬರುವುದೇ ಇಲ್ಲ. ಹಾಗೆಯೇ, ಉದ್ದನೆಯ ವಿಡಿಯೊವೊಂದರ ಭಾಗವನ್ನಷ್ಟೇ ಓಡಿಸಲು ವಿಳಾಸದ ಕೊನೆಯಲ್ಲಿ ಹ್ಯಾಶ್ ಚಿಹ್ನೆ ಹಾಕಿ, ಆರಂಭ ಮತ್ತು ಅಂತ್ಯದ ಸೆಕೆಂಡುಗಳನ್ನು ಬರೆಯುವ ಪದ್ಧತಿಯಿದೆ. ಅಲ್ಲಿ ಅಂತ್ಯದ ಸೆಕೆಂಡು ಬಂದಾಗ ವಿಡಿಯೊ ನಿಲ್ಲುವುದು ಪಾಸ್ (ತಾತ್ಕಾಲಿಕ ನಿಲುಗಡೆ) ಇವೆಂಟ್‌ನೊಂದಿಗೆ, ಎಂಡೆಡ್‌ನೊಂದಿಗೆ ಅಲ್ಲ. ಬ್ರೌಸರಿನ ಲೆಕ್ಕದಲ್ಲಿ ವಿಡಿಯೊ ಇನ್ನೂ ಮುಗಿದಿಲ್ಲವಲ್ಲ.

ಪ್ರಶ್ನೆ: ನಾನು ಎಂಡೆಡ್ ಇವೆಂಟನ್ನೇ ಬಳಸಿದ್ದೇನೆ. ಆದರೂ ಮೊದಲನೆಯ ತುಣುಕು, ಎರಡನೆಯದು, ಅನಂತರ ನೇರವಾಗಿ ನಾಲ್ಕನೆಯದು, ಅದಾದ ಮೇಲೆ ಎಂಟನೆಯದು ಓಡುತ್ತವೆ. ಉಳಿದವನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಫೈಲುಗಳು ಸರಿಯಾಗಿವೆ, ಒಂದೊಂದಾಗಿ ತೆರೆದರೆ ಎಲ್ಲವೂ ಓಡುತ್ತವೆ.

ಉತ್ತರ: ನೀವು ಸಂಖ್ಯೆಗಳನ್ನು ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಅವುಗಳಲ್ಲೇ ದೋಷದ ಗುರುತು ಇದೆ. ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತಾ ಹೋಗುವುದು ಆಕಸ್ಮಿಕವಲ್ಲ. ತುಣುಕನ್ನು ಆರಂಭಿಸುವ ಫಂಕ್ಷನ್ನಿನ ಒಳಗಡೆಯೇ ನೀವು ಎಂಡೆಡ್ ಇವೆಂಟಿಗೆ ಕೇಳುಗ ಫಂಕ್ಷನ್ (ಆ ಇವೆಂಟ್ ಬಂದಾಗ ಓಡುವ ಫಂಕ್ಷನ್) ಒಂದನ್ನು ಸೇರಿಸುತ್ತಿದ್ದೀರಿ ಎಂದು ಕೋಡ್ ನೋಡದೆಯೂ ಹೇಳಬಹುದು.

ಹಂತ ಹಂತವಾಗಿ ನೋಡಿ. ಮೊದಲನೆಯ ತುಣುಕು ಆರಂಭವಾದಾಗ ಒಬ್ಬ ಕೇಳುಗ ಸೇರುತ್ತಾನೆ. ಅದು ಮುಗಿದಾಗ ಅವನು ಸಂಖ್ಯೆಯನ್ನು ಒಂದು ಹೆಚ್ಚಿಸಿ ಎರಡನೆಯ ತುಣುಕನ್ನು ಶುರುಮಾಡುತ್ತಾನೆ; ಶುರುಮಾಡುವ ಫಂಕ್ಷನ್ ಇನ್ನೊಬ್ಬ ಕೇಳುಗನನ್ನು ಸೇರಿಸುತ್ತದೆ. ಈಗ ಇಬ್ಬರಾದರು. ಎರಡನೆಯ ತುಣುಕು ಮುಗಿದಾಗ ಇಬ್ಬರೂ ಎದ್ದು ತಲಾ ಒಂದೊಂದು ಕೂಡಿಸುವುದರಿಂದ ಸಂಖ್ಯೆ ನಾಲ್ಕನೆಯ ತುಣುಕಿಗೆ ಹಾರುತ್ತದೆ, ಜೊತೆಗೆ ಇನ್ನಿಬ್ಬರು ಸೇರಿ ನಾಲ್ವರಾಗುತ್ತಾರೆ. ನಾಲ್ಕನೆಯದು ಮುಗಿದಾಗ ನಾಲ್ವರೂ ಕೂಡಿಸುತ್ತಾರೆ, ನೀವು ಎಂಟನೆಯದಕ್ಕೆ ಬಂದು ನಿಲ್ಲುತ್ತೀರಿ. ಮೂರನೆಯ ತುಣುಕು ಕೂಡ ಕ್ಷಣಮಾತ್ರ ಎಸ್‌ಆರ್‌ಸಿಯಲ್ಲಿ ಬಂದುಹೋಗಿರುತ್ತದೆ, ಆದರೆ ತೆರೆಯ ಮೇಲೆ ಮೂಡುವಷ್ಟು ಹೊತ್ತು ಅದಕ್ಕೆ ಸಿಕ್ಕಿರುವುದಿಲ್ಲ.

ಪರಿಹಾರ ಸರಳ: ಕೇಳುಗನನ್ನು ಪುಟ ತೆರೆದಾಗ ಒಮ್ಮೆ ಮಾತ್ರ, ಆರಂಭಿಸುವ ಫಂಕ್ಷನ್ನಿನ ಹೊರಗೆ ಸೇರಿಸಿ. ಯಾವುದೋ ಕಾರಣಕ್ಕೆ ಒಳಗೇ ಸೇರಿಸಬೇಕಾದರೆ ಒನ್ಸ್ ಎಂಬ ಆಯ್ಕೆಯನ್ನು ಟ್ರೂ ಎಂದು ಕೊಡಿ. ಆಗ ಅದು ಒಂದು ಸಲ ಕೆಲಸ ಮಾಡಿ ತಾನಾಗಿಯೇ ಕಳಚಿಕೊಳ್ಳುತ್ತದೆ. ಹೆಸರಿಟ್ಟು ಹೊರಗಡೆ ಬರೆದ ಒಂದೇ ಫಂಕ್ಷನ್ನನ್ನು ಎಷ್ಟು ಸಲ ಸೇರಿಸಿದರೂ ಬ್ರೌಸರ್ ಒಂದೇ ಎಂದು ಎಣಿಸುತ್ತದೆ, ಆದ್ದರಿಂದ ಈ ತೊಂದರೆ ಹೆಚ್ಚಾಗಿ ಕಾಡುವುದು ಸೇರಿಸುವ ಜಾಗದಲ್ಲೇ ಹೆಸರಿಲ್ಲದ ಫಂಕ್ಷನ್ ಬರೆಯುವವರನ್ನು.

ಪ್ರಶ್ನೆ: ತುಣುಕುಗಳು ಸರಿಯಾದ ಕ್ರಮದಲ್ಲಿ ಓಡುತ್ತಿವೆ. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ತೆರೆ ಒಮ್ಮೆ ಕಪ್ಪಾಗುತ್ತದೆ. ಕೆಲವೊಮ್ಮೆ ವಿಡಿಯೊದ ಚೌಕಟ್ಟೇ ಚಿಕ್ಕದಾಗಿ ಮತ್ತೆ ದೊಡ್ಡದಾಗುತ್ತದೆ. ನೋಡುವವರಿಗೆ ಇದು ಒಂದೇ ವಿಡಿಯೊದಂತೆ ಕಾಣಬೇಕು. ಸಾಧ್ಯವೇ?

ಉತ್ತರ: ಬಹುಮಟ್ಟಿಗೆ ಸಾಧ್ಯ. ಎಷ್ಟರಮಟ್ಟಿಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಚೌಕಟ್ಟಿನ ವಿಷಯ ಮುಗಿಸೋಣ. ವಿಡಿಯೊ ಎಲಿಮೆಂಟಿಗೆ ನೀವು ಅಗಲ, ಎತ್ತರ ಹೇಳಿಲ್ಲ. ಹೊಸ ಫೈಲಿನ ಮೆಟಾಡೇಟಾ (ಅಳತೆ, ಉದ್ದದಂಥ ವಿವರ) ಬರುವವರೆಗೆ ಅದರ ಅಳತೆ ಬ್ರೌಸರಿಗೆ ತಿಳಿದಿರುವುದಿಲ್ಲವಾದ್ದರಿಂದ ಅದು 300 ಪಿಕ್ಸೆಲ್ ಅಗಲ, 150 ಪಿಕ್ಸೆಲ್ ಎತ್ತರ ಎಂಬ ಪೂರ್ವನಿಗದಿತ ಅಳತೆಗೆ ಮರಳುತ್ತದೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅಳತೆ ನಿಗದಿ ಮಾಡಿದರೆ ಚೌಕಟ್ಟು ಕುಗ್ಗುವುದು ನಿಲ್ಲುತ್ತದೆ.

ಕಪ್ಪು ತೆರೆಯ ಕಾರಣ ಇನ್ನಷ್ಟು ಆಳದಲ್ಲಿದೆ. ಎಸ್‌ಆರ್‌ಸಿ ಬದಲಿಸಿದ ಕೂಡಲೇ ಎಲಿಮೆಂಟ್ ತನ್ನಲ್ಲಿದ್ದ ಹಳೆಯ ವಿಡಿಯೊವನ್ನು ಪೂರ್ತಿ ಕೈಬಿಡುತ್ತದೆ. ಅದರ ಸಿದ್ಧತೆಯ ಮಟ್ಟವನ್ನು ಸೂಚಿಸುವ ರೆಡಿಸ್ಟೇಟ್ ಸೊನ್ನೆಗೆ ಇಳಿಯುತ್ತದೆ, ಅಂದರೆ ತೋರಿಸಲು ಅದರ ಬಳಿ ಒಂದು ಚಿತ್ರವೂ ಇರುವುದಿಲ್ಲ. ಅಲ್ಲಿಂದ ಮುಂದೆ ಸರ್ವರಿಗೆ ಕೋರಿಕೆ ಹೋಗಬೇಕು, ಮೆಟಾಡೇಟಾ ಬರಬೇಕು, ಫೈಲನ್ನು ಚಿತ್ರಗಳಾಗಿ ಬಿಡಿಸುವ ಡಿಕೋಡರ್ ಸಿದ್ಧವಾಗಬೇಕು, ಮೊದಲ ಚಿತ್ರ ಬಿಡಿಸಿಕೊಳ್ಳಬೇಕು. ಇವೆಲ್ಲ ಮುಗಿಯುವಷ್ಟು ಹೊತ್ತು ತೆರೆ ಖಾಲಿ. ನೆಟ್‌ವರ್ಕ್ ಎಷ್ಟೇ ವೇಗವಾಗಿದ್ದರೂ ಈ ಹೊತ್ತು ಪೂರ್ತಿ ಸೊನ್ನೆಯಾಗದು. ಹಾಗಾಗಿ ಒಂದೇ ಎಲಿಮೆಂಟಿನಲ್ಲಿ ಇದಕ್ಕೆ ಪರಿಹಾರ ಹುಡುಕುವುದನ್ನು ಬಿಟ್ಟು ಎರಡು ಎಲಿಮೆಂಟ್ ಬಳಸಿ.

ಎರಡೂ ವಿಡಿಯೊ ಎಲಿಮೆಂಟುಗಳನ್ನು ಒಂದೇ ಪೆಟ್ಟಿಗೆಯೊಳಗೆ, ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಇರಿಸಿ. ಮೇಲಿನದು ಮೊದಲನೆಯ ತುಣುಕನ್ನು ಓಡಿಸುತ್ತಿರುವಾಗ ಕೆಳಗಿನದಕ್ಕೆ ಎರಡನೆಯದರ ವಿಳಾಸ ಕೊಟ್ಟು, ಪ್ರೀಲೋಡ್ ಆಟ್ರಿಬ್ಯೂಟಿಗೆ ಆಟೊ ಎಂದು ಬರೆಯಿರಿ. ಹೀಗೆ, ನೋಡುಗ ಮೊದಲನೆಯದನ್ನು ನೋಡುತ್ತಿರುವಷ್ಟು ಹೊತ್ತೂ ಎರಡನೆಯದು ತೆರೆಮರೆಯಲ್ಲಿ ಬಣ್ಣ ಹಚ್ಚಿಕೊಂಡು ನಿಂತಿರುತ್ತದೆ. ಇನ್ನು ಅದಲುಬದಲು ಮಾಡುವ ಕ್ಷಣ. ಇಲ್ಲಿ ಹೆಜ್ಜೆಗಳ ಕ್ರಮವೇ ಮುಖ್ಯ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಮೇಲಿನದರ ಎಂಡೆಡ್ ಬಂದ ತಕ್ಷಣ ಅದನ್ನು ಮರೆಮಾಡಬೇಡಿ. ಮುಗಿದ ವಿಡಿಯೊ ತನ್ನ ಕೊನೆಯ ಚಿತ್ರವನ್ನು ಹಾಗೆಯೇ ಹಿಡಿದುಕೊಂಡಿರುತ್ತದೆ, ಆ ಚಿತ್ರ ನಿಮಗೆ ಇನ್ನೂ ಬೇಕು. ಮೊದಲು ಕೆಳಗಿನದರ ಪ್ಲೇ ಕರೆಯಿರಿ. ಅದು ನಿಜವಾಗಿ ಓಡತೊಡಗಿದಾಗ ಬರುವ ಪ್ಲೇಯಿಂಗ್ ಇವೆಂಟಿಗಾಗಿ ಕಾಯಿರಿ. ಅದು ಬಂದ ಮೇಲೆ, ಯಾವುದು ಮೇಲೆ ಕಾಣಬೇಕೆಂದು ನಿರ್ಧರಿಸುವ ಜೆಡ್-ಇಂಡೆಕ್ಸ್ ಬದಲಿಸಿ ಅದನ್ನು ಮೇಲಕ್ಕೆ ತನ್ನಿ. ಎಲ್ಲ ಆದ ಮೇಲೆ, ಈಗ ಕೆಳಗೆ ಹೋಗಿರುವ ಹಳೆಯ ಎಲಿಮೆಂಟಿಗೆ ಮೂರನೆಯ ತುಣುಕಿನ ವಿಳಾಸ ಕೊಡಿ. ಈ ಕ್ರಮದಲ್ಲಿ ಹೋದರೆ, ಎರಡನೆಯ ತುಣುಕು ಬರಲು ತಡವಾದರೂ ನೋಡುಗನಿಗೆ ಕಾಣುವುದು ಅರೆಕ್ಷಣ ನಿಂತ ಚಿತ್ರವೇ ಹೊರತು ಕಪ್ಪು ತೆರೆಯಲ್ಲ. ನಿಂತ ಚಿತ್ರವನ್ನು ಕಣ್ಣು ಸಹಿಸಿಕೊಳ್ಳುತ್ತದೆ, ಕಪ್ಪು ಮಿಂಚನ್ನು ಸಹಿಸುವುದಿಲ್ಲ.

ಇನ್ನೂ ನಿಖರತೆ ಬೇಕೆನ್ನುವವರು ಪ್ಲೇಯಿಂಗ್ ಇವೆಂಟಿನ ಬದಲು ರಿಕ್ವೆಸ್ಟ್ ವಿಡಿಯೊ ಫ್ರೇಮ್ ಕಾಲ್‌ಬ್ಯಾಕ್ ಎಂಬ ಸೌಲಭ್ಯವನ್ನು ಬಳಸಬಹುದು. ಹೊಸ ಚಿತ್ರವೊಂದು ತೆರೆಗೆ ಸಿದ್ಧವಾದಾಗ ಅದು ತಿಳಿಸುತ್ತದೆ. ಕ್ರೋಮ್ ಇದನ್ನು 2020ರಲ್ಲೇ ತಂದಿತು. ಫೈರ್‌ಫಾಕ್ಸ್‌ಗೆ ಬಂದದ್ದು 2024ರಲ್ಲಿ. ಆದ್ದರಿಂದ ಹಳೆಯ ಬ್ರೌಸರುಗಳಿಗಾಗಿ ಪ್ಲೇಯಿಂಗ್ ಇವೆಂಟಿನ ದಾರಿಯನ್ನೂ ಉಳಿಸಿಕೊಳ್ಳಿ.

ಪ್ರೀಲೋಡ್ ಎಂಬುದು ಬ್ರೌಸರಿಗೆ ಕೊಡುವ ಸಲಹೆ ಮಾತ್ರ ಎಂಬುದನ್ನು ನೆನಪಿಡಿ. ಫೋನುಗಳಲ್ಲಿ ಡೇಟಾ ಉಳಿಸಲೆಂದು ಬ್ರೌಸರ್ ಅದನ್ನು ಕಡೆಗಣಿಸಬಹುದು. ತುಣುಕುಗಳು ನಿಜಕ್ಕೂ ಚಿಕ್ಕವಾಗಿದ್ದರೆ, ಅಂದರೆ ಕೆಲವೇ ಎಂಬಿ ಗಾತ್ರದವಾಗಿದ್ದರೆ, ಫೆಚ್ ಮೂಲಕ ಪೂರ್ತಿ ಫೈಲನ್ನು ಮೊದಲೇ ತರಿಸಿಕೊಂಡು ಬ್ಲಾಬ್ (ಕಚ್ಚಾ ದತ್ತಾಂಶದ ಮುದ್ದೆ) ಆಗಿ ಮೆಮೊರಿಯಲ್ಲಿ ಇಟ್ಟು, ಅದಕ್ಕೊಂದು ತಾತ್ಕಾಲಿಕ ಯುಆರ್‌ಎಲ್ ಮಾಡಿಸಿ ಎಸ್‌ಆರ್‌ಸಿಗೆ ಕೊಡಬಹುದು. ಬಳಸಿ ಮುಗಿದ ಯುಆರ್‌ಎಲ್‌ಗಳನ್ನು ರಿವೋಕ್ ಮಾಡದೆ (ರದ್ದುಪಡಿಸದೆ) ಬಿಟ್ಟರೆ ಆ ಮೆಮೊರಿ ಪುಟ ಮುಚ್ಚುವವರೆಗೂ ಬಿಡುಗಡೆಯಾಗುವುದಿಲ್ಲ. ಇಡೀ ದಿನ ತೆರೆದಿರುವ ಪ್ರದರ್ಶನ ಫಲಕಗಳಲ್ಲಿ ಈ ಮರೆವು ದುಬಾರಿಯಾಗುತ್ತದೆ.

ಈಗ ಮಿತಿಯ ಮಾತು. ಚಿತ್ರದ ಮಟ್ಟಿಗೆ ಎರಡು ಎಲಿಮೆಂಟುಗಳ ಉಪಾಯ ಸಾಕು. ಧ್ವನಿಯ ಮಟ್ಟಿಗೆ ಸಾಲದು. ಎಂಡೆಡ್ ಇವೆಂಟ್ ನಿಮ್ಮ ಕೋಡನ್ನು ತಲುಪಿ, ಪ್ಲೇ ಕರೆ ಹೋಗಿ, ಧ್ವನಿ ಹೊರಡುವುದರೊಳಗೆ ಚಿಕ್ಕದೊಂದು ಬಿರುಕು ಇದ್ದೇ ಇರುತ್ತದೆ. ಜೊತೆಗೆ ಎಎಸಿ ಎಂಬ ರೂಪದಲ್ಲಿ ಸಂಕುಚಿಸಿದ ಧ್ವನಿಯನ್ನು ಸಾಮಾನ್ಯವಾಗಿ 1024 ಸ್ಯಾಂಪಲ್‌ಗಳ (ಧ್ವನಿಯ ಅಳತೆಬಿಂದುಗಳ) ಕಟ್ಟುಗಳಾಗಿ ಜೋಡಿಸಿರುತ್ತಾರೆ. 48 ಕಿಲೋಹರ್ಟ್ಸ್ ಧ್ವನಿಯಲ್ಲಿ ಒಂದು ಕಟ್ಟು ಸುಮಾರು 21 ಮಿಲಿಸೆಕೆಂಡು. ಆದ್ದರಿಂದ ಧ್ವನಿಯ ಉದ್ದ ಚಿತ್ರದ ಉದ್ದಕ್ಕೆ ಕರಾರುವಾಕ್ಕಾಗಿ ಹೊಂದುವುದು ಅಪರೂಪ. ಮಾತಿನ ತುಣುಕುಗಳಲ್ಲಿ ಇದು ಯಾರ ಕಿವಿಗೂ ಬೀಳದು. ಒಂದೇ ಸಂಗೀತ ಎಲ್ಲ ತುಣುಕುಗಳನ್ನೂ ದಾಟಿ ಹರಿಯಬೇಕಿದ್ದರೆ ಮಾತ್ರ ಎದ್ದುಕೇಳುತ್ತದೆ. ಅಂಥ ಸಂದರ್ಭದಲ್ಲಿ ತುಣುಕುಗಳ ಧ್ವನಿ ತೆಗೆದು, ಸಂಗೀತವನ್ನು ಪ್ರತ್ಯೇಕ ಆಡಿಯೊ ಎಲಿಮೆಂಟಿನಲ್ಲಿ ಓಡಿಸುವುದು ಸುಲಭದ ದಾರಿ.

ಕಷ್ಟದ ದಾರಿಯೂ ಒಂದಿದೆ: ಮೀಡಿಯಾ ಸೋರ್ಸ್ ಎಕ್ಸ್‌ಟೆನ್ಷನ್ಸ್. ಇದರಲ್ಲಿ ತುಣುಕುಗಳ ದತ್ತಾಂಶವನ್ನು ನೀವೇ ಒಂದರ ಹಿಂದೊಂದು ಬಫರಿಗೆ (ತಾತ್ಕಾಲಿಕ ಸಂಗ್ರಹಕ್ಕೆ) ಸುರಿಯುತ್ತೀರಿ, ವಿಡಿಯೊ ಎಲಿಮೆಂಟಿಗೆ ಅದು ಒಂದೇ ಉದ್ದನೆಯ ವಿಡಿಯೊದಂತೆ ಕಾಣುತ್ತದೆ. ಬಫರಿನ ಮೋಡ್ ಅನ್ನು ಸೀಕ್ವೆನ್ಸ್ ಎಂದು ಇಟ್ಟರೆ ಕಾಲಗಣನೆಯ ಜೋಡಣೆಯನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಸಾಮಾನ್ಯ ಎಂಪಿ4 ಫೈಲುಗಳು ಇಲ್ಲಿ ನಡೆಯವು, ಅವುಗಳನ್ನು ಫ್ರಾಗ್ಮೆಂಟೆಡ್ (ತುಂಡು ತುಂಡಾದ) ರೂಪಕ್ಕೆ ತರಬೇಕು; ಒಂದು ತುಂಡು ಸೇರಿ ಅಪ್‌ಡೇಟ್‌ಎಂಡ್ ಇವೆಂಟ್ ಬರುವವರೆಗೆ ಇನ್ನೊಂದನ್ನು ಸೇರಿಸುವಂತಿಲ್ಲ; ಬಫರ್ ತುಂಬಿದಾಗ ನೋಡಿ ಮುಗಿದ ಭಾಗವನ್ನು ನೀವೇ ತೆಗೆಯಬೇಕಾಗಬಹುದು. ಐಫೋನಿನಲ್ಲಂತೂ ಬಹುಕಾಲ ಈ ಸೌಲಭ್ಯವೇ ಇರಲಿಲ್ಲ. ಐಓಎಸ್ 17.1ರಲ್ಲಿ ಮ್ಯಾನೇಜ್ಡ್ ಮೀಡಿಯಾ ಸೋರ್ಸ್ ಎಂಬ ರೂಪದಲ್ಲಿ ಅದು ಬಂದಿತು. ಎಂಟು ತುಣುಕುಗಳಿಗಾಗಿ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳಬೇಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಪ್ರತಿ ತುಣುಕು ಎಷ್ಟು ಸೆಕೆಂಡಿನದೆಂದು ನನಗೆ ಮೊದಲೇ ಗೊತ್ತು. ಎಂಡೆಡ್ ಬದಲು ಸೆಟ್‌ಟೈಮ್‌ಔಟ್ ಎಂಬ ಟೈಮರ್ ಇಟ್ಟು ಮುಂದಿನದಕ್ಕೆ ಹೋಗಬಹುದಲ್ಲವೇ?

ಉತ್ತರ: ಬೇಡ. ನೆಟ್‌ವರ್ಕ್ ನಿಧಾನವಾಗಿ ವಿಡಿಯೊ ನಡುವೆ ನಿಂತರೂ ಗಡಿಯಾರ ನಿಲ್ಲುವುದಿಲ್ಲ, ನೋಡುಗ ಪಾಸ್ ಒತ್ತಿದರೂ ನಿಲ್ಲುವುದಿಲ್ಲ. ಬೇರೆ ಟ್ಯಾಬಿಗೆ ಹೋದಾಗ ಬ್ರೌಸರುಗಳು ಟೈಮರುಗಳನ್ನು ಬೇಕೆಂದೇ ನಿಧಾನಗೊಳಿಸುತ್ತವೆ. ವಿಡಿಯೊ ಎಲ್ಲಿದೆ ಎಂಬುದನ್ನು ವಿಡಿಯೊವನ್ನೇ ಕೇಳಿ. ಮುಗಿಯುವುದಕ್ಕಿಂತ ತುಸು ಮೊದಲೇ ಏನಾದರೂ ಮಾಡಬೇಕಿದ್ದರೆ ಟೈಮ್‌ಅಪ್‌ಡೇಟ್ ಇವೆಂಟ್ ಇದೆ. ಅದು ಓಡುವ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ನಾಲ್ಕು ಸಲವಾದರೂ ಬರುತ್ತದೆ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಪರೀಕ್ಷಿಸುವಾಗ ಎಲ್ಲ ಸರಿಯಿತ್ತು. ಫೋನಿನಲ್ಲಿ ಪುಟ ತೆರೆದರೆ ಮೊದಲ ತುಣುಕೇ ಶುರುವಾಗುವುದಿಲ್ಲ. ಐಫೋನಿನಲ್ಲಿ ಬೆರಳು ಒತ್ತಿ ಶುರುಮಾಡಿದರೆ ವಿಡಿಯೊ ಇಡೀ ತೆರೆಯನ್ನು ಆವರಿಸಿಕೊಳ್ಳುತ್ತದೆ.

ಉತ್ತರ: ಕೇಳದೆಯೇ ಸದ್ದು ಮಾಡುವ ಪುಟಗಳಿಂದ ಬಳಕೆದಾರರನ್ನು ಕಾಪಾಡಲು ಬ್ರೌಸರುಗಳು ತಂದ ನಿರ್ಬಂಧವಿದು. ಕ್ರೋಮ್ 2018ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2019ರ ಮಾರ್ಚ್‌ನಲ್ಲಿ ಇದನ್ನು ಜಾರಿಗೆ ತಂದವು. ಸಫಾರಿಯಲ್ಲಿ ಅದಕ್ಕೂ ಮೊದಲೇ ಇತ್ತು. ಸದ್ದಿಲ್ಲದ ವಿಡಿಯೊ ಸಾಮಾನ್ಯವಾಗಿ ತಾನಾಗಿ ಶುರುವಾಗಬಹುದು, ಸದ್ದಿರುವುದು ಬಳಕೆದಾರ ಪುಟವನ್ನು ಒಮ್ಮೆಯಾದರೂ ಒತ್ತುವವರೆಗೆ ಶುರುವಾಗದು. ನಿಮ್ಮ ಕಂಪ್ಯೂಟರಿನಲ್ಲಿ ಅದು ನಡೆದದ್ದಕ್ಕೆ ಕಾರಣ, ನೀವು ಆ ಪುಟದಲ್ಲಿ ಮೊದಲೇ ಎಲ್ಲಿಯೋ ಒತ್ತಿದ್ದಿರಬಹುದು ಅಥವಾ ನೀವು ಆ ತಾಣದಲ್ಲಿ ಆಗಾಗ ವಿಡಿಯೊ ನೋಡುವುದನ್ನು ಕ್ರೋಮ್ ಗಮನಿಸಿ ಸಡಿಲ ಬಿಟ್ಟಿರಬಹುದು. ಆದ್ದರಿಂದ ನಿಮ್ಮ ಯಂತ್ರದಲ್ಲಿ ನಡೆಯಿತೆಂಬುದನ್ನು ಈ ವಿಷಯದಲ್ಲಿ ಪುರಾವೆಯೆಂದು ಎಣಿಸಬೇಡಿ.

ಪ್ಲೇ ಕೊಡುವ ಪ್ರಾಮಿಸ್ ತಿರಸ್ಕೃತವಾದಾಗ ಅದನ್ನು ಕ್ಯಾಚ್‌ನಲ್ಲಿ ಹಿಡಿಯಿರಿ. ತಪ್ಪಿನ ಹೆಸರು ನಾಟ್‌ಅಲೌಡ್‌ಎರರ್ ಎಂದಿದ್ದರೆ ವಿಡಿಯೊದ ಮೇಲೆ ದೊಡ್ಡದೊಂದು ಪ್ಲೇ ಗುಂಡಿ ತೋರಿಸಿ, ಅದನ್ನು ಒತ್ತಿದಾಗ ಮತ್ತೆ ಪ್ಲೇ ಕರೆಯಿರಿ. ಸದ್ದು ಬೇಡವಾದರೆ ಮ್ಯೂಟೆಡ್ ಆಟ್ರಿಬ್ಯೂಟ್ ಹಾಕಿ. ಆದರೆ ಎಲಿಮೆಂಟನ್ನು ಜಾವಾಸ್ಕ್ರಿಪ್ಟಿನಲ್ಲಿ ಸೃಷ್ಟಿಸುತ್ತಿದ್ದರೆ ಆಟ್ರಿಬ್ಯೂಟ್ ಸೇರಿಸಿದ ಮಾತ್ರಕ್ಕೆ ಸದ್ದು ಅಡಗುವುದಿಲ್ಲ, ಮ್ಯೂಟೆಡ್ ಪ್ರಾಪರ್ಟಿಯನ್ನೇ ಟ್ರೂ ಮಾಡಬೇಕು. ಐಫೋನಿನ ಪೂರ್ಣ ತೆರೆಯ ಸಮಸ್ಯೆಗೆ ಪ್ಲೇಸ್‌ಇನ್‌ಲೈನ್ ಆಟ್ರಿಬ್ಯೂಟ್ ಮದ್ದು.

ಕಪ್ಪು ತೆರೆಯ ಪ್ರಶ್ನೆಗೆ ಉತ್ತರವಾಗಿ ಹೇಳಿದ ಎರಡು ಎಲಿಮೆಂಟುಗಳ ಉಪಾಯವನ್ನು ಸದ್ದಿನೊಂದಿಗೆ ಬಳಸುವವರು ಸಫಾರಿಯಲ್ಲಿ ಎಚ್ಚರವಾಗಿರಬೇಕು. ಅಲ್ಲಿ ಬೆರಳೊತ್ತಿನಿಂದ ಸಿಗುವ ಅನುಮತಿ ಆ ಎಲಿಮೆಂಟಿಗೆ ಅಂಟಿಕೊಳ್ಳುತ್ತದೆ. ಮೊದಲನೆಯದು ಹಾಯಾಗಿ ಓಡಿ ಎರಡನೆಯದಕ್ಕೆ ತಿರಸ್ಕಾರ ಬರಬಹುದು. ನೋಡುಗ ಗುಂಡಿ ಒತ್ತಿದ ಆ ಒಂದೇ ಕ್ಷಣದಲ್ಲಿ ಎರಡೂ ಎಲಿಮೆಂಟುಗಳ ಪ್ಲೇ ಕರೆದು, ಕೆಳಗಿನದನ್ನು ಕೂಡಲೇ ಪಾಸ್ ಮಾಡಿ ಮೊದಲಿಗೆ ತಂದಿಟ್ಟರೆ ಇದು ತಪ್ಪುತ್ತದೆ. ಹೀಗೆ ಪಾಸ್ ಮಾಡಿದಾಗ ಅಬಾರ್ಟ್‌ಎರರ್ ಬಂದರೆ ಅದನ್ನು ನಿರ್ಲಕ್ಷಿಸಬಹುದು.

ಪ್ರಶ್ನೆ: ಮೊದಲ ತುಣುಕು ಶುರುವಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಲ್ಲದೆ ಸರ್ವರಿನಲ್ಲಿ ಒಂದು ಫೈಲ್ ಇಲ್ಲದಿದ್ದರೆ ಇಡೀ ಸಾಲು ಅಲ್ಲಿಯೇ ನಿಂತುಬಿಡುತ್ತದೆ.

ಉತ್ತರ: ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ತಿಳಿಸುವ ಮೂವ್ ಎಂಬ ಸೂಚಿ ಇರುತ್ತದೆ. ಹಲವು ತಂತ್ರಾಂಶಗಳು ಅದನ್ನು ಫೈಲಿನ ಕೊನೆಯಲ್ಲಿ ಬರೆಯುತ್ತವೆ. ಸೂಚಿ ಸಿಗದೆ ಬ್ರೌಸರ್ ಏನನ್ನೂ ತೋರಿಸಲಾರದು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಮೂವ್‌ಫ್ಲ್ಯಾಗ್ಸ್ ಆಯ್ಕೆಗೆ ಫಾಸ್ಟ್‌ಸ್ಟಾರ್ಟ್ ಎಂದು ಕೊಟ್ಟರೆ ಸೂಚಿ ಮುಂದಕ್ಕೆ ಬರುತ್ತದೆ. ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡುವ (ಸಂಕುಚಿಸಿ ಬರೆಯುವ) ಅಗತ್ಯವಿಲ್ಲ, ಗುಣಮಟ್ಟವೂ ಕೆಡುವುದಿಲ್ಲ. ನಿಮ್ಮ ಸರ್ವರ್ ಫೈಲಿನ ಒಂದು ಭಾಗವನ್ನಷ್ಟೇ ಕೇಳಿದಾಗ 206 ಎಂಬ ಸಂಕೇತದೊಂದಿಗೆ ಆ ಭಾಗವನ್ನಷ್ಟೇ ಕಳುಹಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಸಫಾರಿಗೆ ಇದು ಇಲ್ಲದೆ ನಡೆಯದು.

ಸಾಲು ನಿಲ್ಲುವುದಕ್ಕೆ ಕಾರಣ, ಕೆಟ್ಟ ಫೈಲಿನಿಂದ ಎಂಡೆಡ್ ಎಂದೂ ಬರುವುದಿಲ್ಲ. ಎರರ್ ಇವೆಂಟನ್ನೂ ಕೇಳಿಸಿಕೊಂಡು ಮುಂದಿನ ತುಣುಕಿಗೆ ಸಾಗಿ. ಒಂದು ಸೂಕ್ಷ್ಮವಿದೆ: ವಿಳಾಸವನ್ನು ವಿಡಿಯೊದ ಒಳಗೆ ಸೋರ್ಸ್ ಟ್ಯಾಗಿನಲ್ಲಿ ಬರೆದಿದ್ದರೆ, ಫೈಲ್ ಸಿಗದಿದ್ದಾಗ ಎರರ್ ಬರುವುದು ಆ ಸೋರ್ಸ್ ಟ್ಯಾಗಿಗೆ, ವಿಡಿಯೊ ಎಲಿಮೆಂಟಿಗೆ ಅಲ್ಲ, ಅದು ಮೇಲಕ್ಕೆ ಹರಡುವುದೂ ಇಲ್ಲ. ಸಾಲು ಸುತ್ತುತ್ತಾ ಓಡುವಂಥದ್ದಾದರೆ ಬೆನ್ನುಬೆನ್ನಿಗೆ ಬಂದ ತಪ್ಪುಗಳನ್ನು ಎಣಿಸಿಡಿ. ಎಣಿಕೆ ಅರೇಯ ಉದ್ದವನ್ನು ಮುಟ್ಟಿದರೆ ನಿಲ್ಲಿಸಿ. ಇಲ್ಲವಾದರೆ ನೆಟ್‌ವರ್ಕ್ ಹೋದಾಗ ಕೋಡ್ ತುಣುಕಿನಿಂದ ತುಣುಕಿಗೆ ಕೊನೆಯಿಲ್ಲದೆ ಹಾರುತ್ತಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ತುಣುಕುಗಳನ್ನು ಸೇರಿಸಿ ಒಂದೇ ಫೈಲ್ ಮಾಡಿಬಿಟ್ಟರೆ ಏನು ನಷ್ಟ?

ಉತ್ತರ: ಕ್ರಮ ಎಂದೂ ಬದಲಾಗದಿದ್ದರೆ ನಷ್ಟವೇನೂ ಇಲ್ಲ, ಅದೇ ಒಳ್ಳೆಯದು. ನೋಡುಗನ ಆಯ್ಕೆಗೆ ತಕ್ಕಂತೆ ಮುಂದಿನ ತುಣುಕು ಬದಲಾಗಬೇಕು, ಪಟ್ಟಿ ದಿನವೂ ಬೇರೆಯಾಗಬೇಕು ಎಂಬಂಥ ಸಂದರ್ಭಗಳಿಗೆ ಮಾತ್ರ ಜಾವಾಸ್ಕ್ರಿಪ್ಟಿನ ಸಾಲು ಬೇಕು. ಸೇರಿಸಲು ಎಫ್‌ಎಫ್‌ಎಂಪೆಗ್‌ನ ಕಾನ್‌ಕ್ಯಾಟ್ ಸೌಲಭ್ಯ ಬಳಸಿ: ಫೈಲುಗಳ ಹೆಸರನ್ನು ಸಾಲಿಗೊಂದರಂತೆ ಬರೆದ ಪಟ್ಟಿ ಕೊಟ್ಟು, ಕೋಡೆಕ್ (ಎನ್‌ಕೋಡ್ ಮಾಡುವ ವಿಧಾನ) ಜಾಗದಲ್ಲಿ ಕಾಪಿ ಎಂದರೆ ಎನ್‌ಕೋಡ್ ಮಾಡದೆಯೇ ಅದು ಅವುಗಳನ್ನು ಬೆಸೆಯುತ್ತದೆ. ಇದಕ್ಕೆ ಎಲ್ಲ ತುಣುಕುಗಳ ಕೋಡೆಕ್, ಚಿತ್ರದ ಅಳತೆ, ಧ್ವನಿಯ ಸ್ಯಾಂಪಲ್ ದರ ಒಂದೇ ಆಗಿರಬೇಕು. ಬೇರೆ ಬೇರೆ ಕ್ಯಾಮೆರಾಗಳಿಂದ ಬಂದ ತುಣುಕುಗಳಾದರೆ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ಎನ್‌ಕೋಡ್ ಮಾಡಿಕೊಂಡು ಅನಂತರ ಸೇರಿಸಿ.